ಜೀವನಾಂಶ ಕೊಡುವವನ ಆರೋಗ್ಯ

ಆರ್ವಿಡ್ ಲ್ಯಾಂಪಿನೆನ್ ಚರ್ಚಿನ ಮೀನೂಟದಲ್ಲಿ ಕುಸಿದು ಬಿದ್ದಾಗ ಅವನ ಕೈಯಲ್ಲಿದ್ದ ತಟ್ಟೆ ಬೀಳಲಿಲ್ಲ. ನೆಲದ ಮೇಲೆ ಅಂಗಾತ ಬಿದ್ದಿದ್ದ, ಮುಖ ಸುಣ್ಣದ ಬಣ್ಣಕ್ಕೆ ತಿರುಗಿತ್ತು, ತಟ್ಟೆಯನ್ನು ಮಾತ್ರ ಹೊಟ್ಟೆಯ ಮೇಲೆ ನೆಟ್ಟಗೆ ಹಿಡಿದುಕೊಂಡಿದ್ದ. ಅದರಲ್ಲಿದ್ದದ್ದು ಮೂರನೇ ಸಲ ಹಾಕಿಸಿಕೊಂಡ ಕರಿದ ಮೀನು.

ಏನಾಯಿತೆಂದು ನನಗೆ ತಿಳಿಯುವ ಮೊದಲೇ ಕಾಫಿ ಬಗ್ಗಿಸುವ ಮೇಜಿನ ಹಿಂದಿನಿಂದ ವರ್ನಾ ಬಂದು ಅವನ ಪಕ್ಕ ಮಂಡಿಯೂರಿದಳು. ವರ್ನಾ ಅವನ ಮಾಜಿ ಹೆಂಡತಿ. ಹನ್ನೊಂದು ವರ್ಷದಿಂದ ಅವರಿಬ್ಬರ ನಡುವೆ ಮಾತಿರಲಿಲ್ಲ. ಅವಳು ಮೊದಲು ಅವನ ಕೈಯಿಂದ ತಟ್ಟೆ ಬಿಡಿಸಿಕೊಂಡಳು. ಅವನು ಸುಲಭವಾಗಿ ಬಿಡಲಿಲ್ಲ.

"ಗಾರ್ತ್, ಆಂಬುಲೆನ್ಸಿಗೆ ಫೋನ್ ಮಾಡು," ಎಂದಳು ನನಗೆ.

ಪಾದ್ರಿಗಳು ಓಡಿಬಂದು, "ಎಲ್ಲರೂ ಪ್ರಾರ್ಥನೆ ಮಾಡೋಣವಾ?" ಎಂದರು.

"ಗಾರ್ತ್ ಮಾತಾಡಿ ಮುಗಿಸ್ಲಿ, ಆಮೇಲೆ ಮಾಡಿ. ಗಲಾಟೆ ಆದ್ರೆ ಅವ್ರಿಗೆ ವಿಳಾಸ ಕೇಳ್ಸಲ್ಲ," ಎಂದಳು ವರ್ನಾ.

ಆರ್ವಿಡ್ ಬೋರ್‌ವೆಲ್ ಕೊರೆಯುವವನು. ಸುಪೀರಿಯರ್ ಸರೋವರದ ದಂಡೆಯಲ್ಲಿರುವ ನಮ್ಮ ಓಟರ್ ಬೇಯಿಂದ ಹಿಡಿದು ಆಚೆ ಕಾಡಿನ ಅಂಚಿನವರೆಗೆ ಯಾರ ಮನೆಯ ನಲ್ಲಿ ತಿರುಗಿಸಿದರೂ ಬರುವುದು ಹೆಚ್ಚುಕಡಿಮೆ ನಾವಿಬ್ಬರು ಕೊರೆದ ನೀರೇ. ಕೊರೆಯುವ ಗಾಡಿ ಅವನದು, ಪೈಪು ಹಿಡಿಯುವವನು ನಾನು. ಮದುವೆ ಇದ್ದಷ್ಟು ಕಾಲ ಆಫೀಸನ್ನು ವರ್ನಾ ನೋಡಿಕೊಳ್ಳುತ್ತಿದ್ದಳು. ಆಫೀಸೆಂದರೆ ಅವರ ಅಡುಗೆಮನೆಯ ಮೇಜು. ಬಿಲ್ಲು ಬರೆಯುವುದು, ವಸೂಲಿ, ತೆರಿಗೆ, ಗಾಡಿಯ ಸಾಲ, ಎಲ್ಲ ಅವಳದೇ. ಸಂಬಳ ಇರಲಿಲ್ಲ, ಯಾಕೆಂದರೆ ಅವಳು ಹೆಂಡತಿ.

ಅವರಿಗೆ ಮಕ್ಕಳಾಗಲಿಲ್ಲ. ಕಾಡಿನೊಳಗೆ ಒಂದು ಸಣ್ಣ ಕೆರೆಯ ದಡದಲ್ಲಿ, ಆರ್ವಿಡ್‌ನ ಅಪ್ಪನಿಂದ ಬಂದ ಜಾಗದಲ್ಲಿ, ಇಬ್ಬರೂ ಸೇರಿ ಹಲವು ಬೇಸಿಗೆ ದುಡಿದು ಒಂದು ಮರದ ಮನೆ ಕಟ್ಟಿಕೊಂಡಿದ್ದರು. ಒಂದು ಕೋಣೆ, ಪಕ್ಕದಲ್ಲಿ ಬೆವರಿ ಮೀಯಲು ಒಂದು ಸೌನಾ. ಒಂದು ಮೇ ತಿಂಗಳಲ್ಲಿ ವರ್ನಾ ಚಳಿಗಾಲವೆಲ್ಲ ಕೂತು ಹೊಲಿದ ಪರದೆಗಳನ್ನು ಹೊತ್ತುಕೊಂಡು ಅಲ್ಲಿಗೆ ಹೋದಳು. ಬಾಗಿಲು ತೆರೆದವನು ಗ್ರೀನ್ ಬೇ ನಗರದ ಕಡೆಯ ಯಾರೋ ಅಪರಿಚಿತ. ಆರ್ವಿಡ್ ಫೆಬ್ರವರಿಯಲ್ಲೇ ಮನೆ ಮಾರಿ ಕೊರೆಯುವ ಗಾಡಿಗೆ ಹೊಸ ಕಂಪ್ರೆಸರ್ ತಂದಿದ್ದ. ಜಾಗ ಅವನೊಬ್ಬನ ಹೆಸರಿನಲ್ಲಿದ್ದುದರಿಂದ ಅವಳ ಸಹಿ ಬೇಕಾಗಿರಲಿಲ್ಲ. ಅವಳಿಗೆ ಹೇಳಲು ಸರಿಯಾದ ಸಮಯ ಸಿಗಲಿಲ್ಲವಂತೆ. ಪರದೆ ಚೆನ್ನಾಗಿವೆ, ಕೊಡುತ್ತೀರಾ ಎಂದು ಆ ಗ್ರೀನ್ ಬೇಯವನು ಕೇಳಿದ. ವರ್ನಾ ಪರದೆ ಮಾರಿದಳು. ಅಲ್ಲಿಂದ ಸೀದಾ ವಕೀಲರ ಹತ್ತಿರ ಹೋದಳು.

ಕೋರ್ಟು ತಿಂಗಳಿಗೆ ಒಂಬೈನೂರು ಡಾಲರ್ ಜೀವನಾಂಶ ಗೊತ್ತುಮಾಡಿತು. ಇಬ್ಬರಲ್ಲಿ ಒಬ್ಬರು ಸಾಯುವವರೆಗೆ, ಇಲ್ಲವೆ ಅವಳು ಮತ್ತೆ ಮದುವೆಯಾಗುವವರೆಗೆ, ಅಥವಾ ಯಾವನಾದರೂ ಗಂಡಸಿನ ಜೊತೆ ಒಂದೇ ಮನೆಯಲ್ಲಿ ಸಂಸಾರ ಹೂಡುವವರೆಗೆ. ಅವಳ ಹೆಸರಿಗೆ ಆರ್ವಿಡ್ ಒಂದು ಜೀವವಿಮೆಯನ್ನೂ ಇಟ್ಟಿರಬೇಕೆಂದಿತ್ತು. ಬ್ಯಾಂಕಿನ ಮೂಲಕ ಕಳಿಸುವುದು ಆರ್ವಿಡ್‌ಗೆ ಸರಿಬರಲಿಲ್ಲ. ತಿಂಗಳ ಮೊದಲ ಶನಿವಾರ ತಾನೇ ಹೋಗಿ ಅವಳ ಬಾಗಿಲು ತಟ್ಟಿ ಚೆಕ್ಕು ಕೊಡುತ್ತಿದ್ದ. ಅವಳು ಮೊತ್ತ ನೋಡಿ, ಸಹಿ ನೋಡಿ, ಬಾಗಿಲು ಹಾಕಿಕೊಳ್ಳುತ್ತಿದ್ದಳು.

ಇಂಥ ಇಬ್ಬರ ಹಿಂದೆ ನಾನು ಅಂದು ನನ್ನ ಟ್ರಕ್ಕಿನಲ್ಲಿ ಮಾರ್ಕೆಟ್ ಎಂಬ ದೊಡ್ಡ ಊರಿನ ಆಸ್ಪತ್ರೆಗೆ ಹೋದೆ. ವರ್ನಾ ಆಂಬುಲೆನ್ಸಿನಲ್ಲೇ ಹೋಗಿದ್ದಳು. ನಾನು ತಲುಪಿದಾಗ ಅವನ ಬೂಟುಗಳನ್ನು ತೊಡೆಯ ಮೇಲಿಟ್ಟುಕೊಂಡು ಮೊಗಸಾಲೆಯಲ್ಲಿ ಕೂತಿದ್ದಳು. ಬೂಟಿಗೆ ಕೆಸರಾಗಿತ್ತು. ಅವಳದು ಚರ್ಚಿಗೆ ಉಟ್ಟುಬಂದ ಬಟ್ಟೆ.

ನರ್ಸು ಬಂದು ಕೇಳಿದಳು: "ನೀವು ಅವ್ರಿಗೆ ಏನಾಗ್ಬೇಕು?"

"ನಾನೇನೂ ಆಗ್ಬೇಕಿಲ್ಲ," ಎಂದಳು ವರ್ನಾ. "ಅವ್ನು ನನಗೆ ಕೊಡ್ಬೇಕು."

ನರ್ಸು ನನ್ನ ಕಡೆ ನೋಡಿದಳು. "ಮಾಜಿ ಹೆಂಡ್ತಿ," ಎಂದೆ. ಅವಳು ಅದನ್ನೇ ಬರೆದುಕೊಂಡಳು.

ಮೂರು ರಕ್ತನಾಳ ಕಟ್ಟಿಕೊಂಡಿದ್ದವು. ಬೈಪಾಸ್ ಆಪರೇಷನ್ ಆಯಿತು. ಅವನು ಒಳಗಿದ್ದಷ್ಟು ಹೊತ್ತು ವರ್ನಾ ಒಂದು ಲೋಟ ನೀರೂ ಕುಡಿಯಲಿಲ್ಲ. ಸರ್ಜನ್ ಹೊರಗೆ ಬಂದು ಎಲ್ಲ ಸರಿಯಾಗಿದೆ ಎಂದಮೇಲೆ ಎದ್ದುಹೋಗಿ ತನ್ನ ವಕೀಲರಿಗೆ ಫೋನ್ ಮಾಡಿದಳು. ಫೋನಿನ ದನಿ ದೊಡ್ಡದಾಗಿದ್ದುದರಿಂದ ನನಗೂ ಕೇಳಿಸಿತು.

"ಇವ್ನು ಸತ್ರೆ ನನ್ನ ಜೀವನಾಂಶದ ಕಥೆ ಏನು?"

"ನಿಂತುಹೋಗುತ್ತೆ ವರ್ನಾ. ಅದಕ್ಕೇ ತಾನೇ ವಿಮೆ ಇಡ್ಸಿದ್ದು. ವಿಮೆ ದುಡ್ಡು ನಿಮಗೆ ಬರುತ್ತೆ."

"ವಿಮೆ ಕಂಪನೀನ ಆಗ್ಲೇ ಕೇಳ್ದೆ. ಇವ್ನು ಎರಡೇ ವರ್ಷ ಕಂತು ಕಟ್ಟಿ ನಿಲ್ಲಿಸ್ಬಿಟ್ಟಿದಾನೆ."

ಆ ಕಡೆ ಕಾಗದ ಮಗುಚಿದ ಸದ್ದಾಯಿತು. "ಕೇಸು ಹಾಕ್ಬಹುದು. ಆದ್ರೆ ಈಗ ಯಾವ ಕಂಪನೀನೂ ಅವ್ರಿಗೆ ಹೊಸ ವಿಮೆ ಮಾಡಲ್ಲ. ಸುಮ್ನೆ ಹೇಳ್ತೀನಿ, ಅವ್ರು ಬದುಕಿದ್ರೇ ನಿಮಗೆ ಒಳ್ಳೇದು."

ವರ್ನಾ ಇದನ್ನು ಕಾನೂನು ಸಲಹೆ ಎಂದೇ ತೆಗೆದುಕೊಂಡಳು. ಆ ಫೋನಿಗೆ ವಕೀಲರು ಶುಲ್ಕವನ್ನೂ ಹಾಕಿದ್ದರು.

ಆರ್ವಿಡ್‌ನನ್ನು ಮನೆಗೆ ಕಳಿಸುವ ದಿನ, ಕೆಲವು ತಿಂಗಳಾದರೂ ಜೊತೆಗೆ ಯಾರಾದರೂ ಇರಲೇಬೇಕು, ಭಾರ ಎತ್ತುವಂತಿಲ್ಲ, ಗಾಡಿ ಓಡಿಸುವಂತಿಲ್ಲ ಎಂದರು ಡಾಕ್ಟರು. ಯಾರಿದ್ದಾರೆ ಎಂದು ಕೇಳಿದರು. ಆರ್ವಿಡ್ ನನ್ನನ್ನು ನೋಡಿದ. ನನಗೆ ಮೊಟ್ಟೆ ಬೇಯಿಸಲೂ ಬರುವುದಿಲ್ಲ.

"ನಾನಿರ್ತೀನಿ," ಎಂದಳು ವರ್ನಾ.

ಹನ್ನೊಂದು ವರ್ಷದಲ್ಲಿ ಆರ್ವಿಡ್ ಅವಳಿಗೆ ಹೇಳಿದ ಮೊದಲ ಮಾತು: "ಬೇಡ."

"ನಿನ್ನ ಕೇಳ್ಲಿಲ್ಲ. ನಿನ್ನ ಮೇಲಿನ ಪ್ರೀತಿಗೂ ಬರ್ತಿಲ್ಲ. ನನ್ನ ಆದಾಯ ನಾನು ನೋಡ್ಕೋತಿದೀನಿ."

ಇದು ನವೆಂಬರ್ ಕೊನೆಯ ಮಾತು. ವರ್ನಾ ಎರಡು ಸೂಟ್‌ಕೇಸು ತಂದು ಮಹಡಿಯ ಕೋಣೆಯಲ್ಲಿಟ್ಟಳು. ಕೆಳಗಿಳಿದು ಬಂದು ಫ್ರಿಜ್ ತೆರೆದಳು. ಬೆಣ್ಣೆ, ಹಂದಿಮಾಂಸದ ಸಾಸೇಜು, ಚೀಸು, ಬೇಕನ್ ಎಲ್ಲ ಒಂದು ರಟ್ಟಿನ ಪೆಟ್ಟಿಗೆಗೆ ಹೋದವು. ಪೆಟ್ಟಿಗೆಯನ್ನು ನನ್ನ ಕೈಗೆ ಕೊಟ್ಟು, "ನಿಂಗೆ ಹೃದಯ ಸರಿಯಾಗಿದ್ಯಾ?" ಎಂದಳು. ಗೊತ್ತಿಲ್ಲ ಎಂದೆ. ಪೆಟ್ಟಿಗೆಯನ್ನು ಹಿಂದಕ್ಕೆ ತೆಗೆದುಕೊಂಡಳು.

ಬೆಳಿಗ್ಗೆ ಓಟ್ಸ್ ಗಂಜಿ, ಉಪ್ಪಿಲ್ಲ. ಮಧ್ಯಾಹ್ನ ಬೇಯಿಸಿದ ಮೀನು, ಉಪ್ಪಿಲ್ಲ. ಮೊದಲ ದಿನ ಆರ್ವಿಡ್ ಗಂಜಿಯನ್ನು ನೋಡುತ್ತ ಕೂತ.

"ಇದನ್ನ ತಿಂದು ಬದುಕೋದಕ್ಕಿಂತ ಸಾಯ್ತೀನಿ."

"ಹೆಣ್ಣು ಜನ್ಮ ಎತ್ತಿ ನಿನ್ನ ಜೊತೆ ಅಷ್ಟು ವರ್ಷ ಬದುಕಿದೀನಿ. ಗಂಜಿ ಕುಡಿಯೋಕೆ ನಿನಗೇನು ಕಷ್ಟ? ಕುಡಿ. ಆರಿಹೋಗತ್ತೆ."

ಕುಡಿದ.

ಹೊರಗೆ ಹಿಮ ಬಿದ್ದು ರಸ್ತೆ ಜಾರುತ್ತಿದ್ದುದರಿಂದ ಮಕ್ಕಳು ಮನೆಗೆ ಹೋದಮೇಲೆ ಹೈಸ್ಕೂಲಿನ ಮೊಗಸಾಲೆಯಲ್ಲಿ ಅವನನ್ನು ನಡೆಸುತ್ತಿದ್ದಳು. ಅವನು ಮುಂದೆ, ಅವಳು ನಾಲ್ಕು ಮಾರು ಹಿಂದೆ. ಇಬ್ಬರೂ ಮಾತಾಡುತ್ತಿರಲಿಲ್ಲ. ಅವನು ನಿಧಾನ ಮಾಡಿದರೆ ಅವಳು ಕೆಮ್ಮುತ್ತಿದ್ದಳು. ನೆಲ ಒರೆಸುವ ಹೆಂಗಸು ಊರಿಗೆಲ್ಲ ಸುದ್ದಿ ಹಬ್ಬಿಸಿದಳು, ಲ್ಯಾಂಪಿನೆನ್ ಗಂಡಹೆಂಡತಿ ಮತ್ತೆ ಒಂದಾದರೆಂದು. ಅಂಚೆ ಆಫೀಸಿನಲ್ಲಿ ಯಾರೋ ವರ್ನಾಳಿಗೆ ಅಭಿನಂದನೆ ಹೇಳಿದರು. "ಯಾತಕ್ಕೆ?" ಎಂದು ಕೇಳಿ ಅವರು ಉತ್ತರ ಹುಡುಕುವವರೆಗೂ ಅಲ್ಲೇ ನಿಂತಿದ್ದಳಂತೆ.

ಕ್ರಿಸ್‌ಮಸ್ ಹೊತ್ತಿಗೆ ಆರ್ವಿಡ್ ನನ್ನ ಕಾಲು ಹಿಡಿಯುವುದೊಂದು ಬಾಕಿ. "ಗಾರ್ತ್, ಒಂದೇ ಒಂದು ಪ್ಯಾಸ್ಟಿ ತಂದ್ಕೊಡೋ. ಅರ್ಧ ತಿಂತೀನಿ. ದೇವರಾಣೆ ಅರ್ಧ." ಪ್ಯಾಸ್ಟಿಯೆಂದರೆ ನಮ್ಮ ಕಡೆ ಗಣಿಯವರ ಕಾಲದಿಂದ ಬಂದ ತಿಂಡಿ, ಹಿಟ್ಟಿನ ಮಡಿಕೆಯೊಳಗೆ ಮಾಂಸ, ಆಲೂಗಡ್ಡೆ, ಈರುಳ್ಳಿ ತುಂಬಿ ಬೇಯಿಸಿದ್ದು. ಗೆಳೆಯನಲ್ಲವೇ, ತಂದೆ. ನನ್ನ ಟ್ರಕ್ಕಿನಲ್ಲಿ ಕಿಟಕಿ ಏರಿಸಿ ಕೂತು ಪೂರ್ತಿ ತಿಂದ. ತಿನ್ನುವಾಗ ಅವನ ಕಣ್ಣಲ್ಲಿ ನೀರಿತ್ತು. ಮನೆಯೊಳಗೆ ಹೋದೆವು. ವರ್ನಾ ಅವನ ಹತ್ತಿರ ಬಂದು ಅಂಗಿಯ ಕಾಲರನ್ನು ಮೂಸಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಗಾರ್ತ್, ಇವ್ನು ಸತ್ರೆ ತಿಂಗಳಿಗೆ ಒಂಬೈನೂರು ನೀನು ಕೊಡ್ತೀಯಾ?"

"ಇಲ್ಲ."

"ಹಾಗಾದ್ರೆ ಇನ್ನೊಂದ್ಸಲ ತರ್ಬೇಡ."

ತರಲಿಲ್ಲ. ಆರ್ವಿಡ್ ಎರಡು ದಿನ ನನ್ನ ಜೊತೆ ಮಾತು ಬಿಟ್ಟ. ಆದರೆ ಜನವರಿಯ ಹೊತ್ತಿಗೆ ಅವನ ಮುಖಕ್ಕೆ ಬಣ್ಣ ಬಂದಿತ್ತು, ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿರಲಿಲ್ಲ. ಬೆಳಿಗ್ಗೆ ಅವಳಿಗಿಂತ ಮೊದಲೇ ಎದ್ದು ಗಂಜಿಯ ಪಾತ್ರೆ ಒಲೆಯ ಮೇಲಿಡತೊಡಗಿದ್ದ. ಇದನ್ನು ನಾನು ನೋಡಿದ್ದು ಅವನಿಗೆ ಇಷ್ಟವಾಗಲಿಲ್ಲ. "ಹಸಿವಾಗಿತ್ತು," ಎಂದ.

ವರ್ನಾಳಿಗೆ ಗೊತ್ತಿಲ್ಲದ ಒಂದು ಸಂಗತಿ ನನಗೆ ಗೊತ್ತಿತ್ತು. ದುಡ್ಡು ಮುಗಿದಿತ್ತು. ಆಸ್ಪತ್ರೆಯ ಬಿಲ್ಲಿನಲ್ಲಿ ಆರೋಗ್ಯ ವಿಮೆ ಭರಿಸದೆ ಬಿಟ್ಟ ಪಾಲು ದೊಡ್ಡದಿತ್ತು. ಇನ್ನು ಮುಂದೆ ಕೊರೆಯುವ ಕೆಲಸಕ್ಕೆ ಇಳಿಯಬೇಡ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ಜನವರಿ ಕೊನೆಯಲ್ಲಿ, ವರ್ನಾ ಸಾಮಾನು ತರಲು ಹೋಗಿದ್ದಾಗ, ದಕ್ಷಿಣದ ಕಡೆಯ ಇಬ್ಬರು ಅಣ್ಣತಮ್ಮಂದಿರು ಬಂದು ಬೋರ್‌ವೆಲ್ ಗಾಡಿ ನೋಡಿ, ಅಲ್ಲೇ ಚೆಕ್ಕು ಬರೆದುಕೊಟ್ಟು ಓಡಿಸಿಕೊಂಡು ಹೋದರು. ಶೆಡ್ಡಿನ ಬಾಗಿಲು ಹಾಕಿಬಿಟ್ಟರೆ ಒಳಗೆ ಗಾಡಿ ಇದೆಯೋ ಇಲ್ಲವೋ ಯಾರಿಗೂ ತಿಳಿಯುವಂತಿರಲಿಲ್ಲ. ಆಸ್ಪತ್ರೆಗೆ ಕೊಟ್ಟಮೇಲೆ ಉಳಿದದ್ದು ಮೂರು ತಿಂಗಳ ಜೀವನಾಂಶಕ್ಕಷ್ಟೇ ಸಾಕಾಗುತ್ತಿತ್ತು.

"ವರ್ನಾಗೆ ಹೇಳೋ," ಎಂದೆ.

"ಹೇಳ್ತೀನಿ. ಸಮಯ ನೋಡಿ."

ಶೆಡ್ಡಿನ ಬಾಗಿಲನ್ನು ಎಳೆದು ಹಾಕಿದ. ಆಮೇಲೆ ಮುಂದುವರಿಸಿದ: "ದುಡ್ಡಿಲ್ಲ ಅಂತ ಗೊತ್ತಾದ್ರೆ ಅವ್ಳು ಇಲ್ಯಾಕಿರ್ತಾಳೆ? ಅವ್ಳು ನೋಡ್ಕೋತಿರೋದು ಒಂಬೈನೂರನ್ನ. ನನ್ನನ್ನಲ್ಲ."

ಜೀವನಾಂಶ ಕಡಿಮೆ ಮಾಡಿಸಲು ಏನು ಮಾಡಬೇಕೆಂದು ಕೇಳಲು ನನ್ನನ್ನು ಕರೆದುಕೊಂಡು ವಕೀಲನ ಹತ್ತಿರ ಹೋದ. ಕಾಲಿನ್ ಟ್ರೆಜೋನ ಎಂಬ ಹುಡುಗ, ಕಾನೂನು ಓದಿ ಮುಗಿಸಿ ಊರಿಗೆ ಬಂದು ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಮೇಲಿನ ಕೋಣೆಯಲ್ಲಿ ಬೋರ್ಡು ಹಾಕಿದ್ದ. ಬಾಯಿ ತೆರೆದು ಮಾತಾಡಿದರೆ ಕೆಳಗಿನ ಯಂತ್ರದ ಸದ್ದು ಅವನ ಮಾತಿನೊಳಗೆ ಸೇರಿಕೊಳ್ಳುತ್ತಿತ್ತು.

"ಸುಲಭ ಸರ್. ಕಾಯಿಲೆ, ಆದಾಯ ನಿಂತಿದೆ. ನಿಮ್ಮ ಲೆಕ್ಕಪತ್ರ ಎಲ್ಲ ಕೋರ್ಟಿಗೆ ಕೊಡೋಣ. ಕಡಿಮೆ ಮಾಡ್ತಾರೆ."

"ಲೆಕ್ಕ ಕೊಟ್ರೆ ಅವ್ಳು ನೋಡ್ತಾಳಲ್ಲ."

"ನೋಡ್ತಾರೆ."

"ಅದು ಬೇಡ. ಬೇರೆ ದಾರಿ?"

ಹುಡುಗ ಹಳೆಯ ತೀರ್ಪನ್ನು ಓದಿದ. "ಬೇರೆ ಅಂದ್ರೆ, ಅವ್ರು ಸಾಯ್ಬೇಕು. ಇಲ್ಲ ಮದುವೆ ಆಗ್ಬೇಕು. ಇಲ್ಲ ಯಾವನಾದ್ರೂ ಗಂಡಸಿನ ಜೊತೆ ಒಂದೇ ಮನೇಲಿ ಸಂಸಾರ ಮಾಡ್ತಿರ್ಬೇಕು. ಮಾಡ್ತಿದಾರಾ?"

ಆರ್ವಿಡ್ ಯೋಚಿಸಿದ. "ಯಾವ ಗಂಡಸು ಅಂತ ಬರೆದಿದ್ಯಾ?"

"ಇಲ್ಲ. ಯಾವನಾದ್ರೂ."

"ನಾನು ಆಗ್ಬಹುದಾ?"

ಕೆಳಗೆ ಯಾರದೋ ಹಲ್ಲು ಕೊರೆಯುತ್ತಿದ್ದರು. ಹುಡುಗ ತೀರ್ಪಿನ ಆ ಸಾಲನ್ನು ಮತ್ತೊಂದು ಸಲ ಓದಿದ. "ನೀವು ಆಗ್ಬಾರ್ದು ಅಂತ ಇದರಲ್ಲಿಲ್ಲ ಸರ್."

"ಹಾಗೆ ಅರ್ಜಿ ಹಾಕಿದ್ರೆ ಕೋರ್ಟು ಏನು ಹೇಳ್ಬೇಕಾಗತ್ತೆ?"

"ನೀವಿಬ್ರೂ ಗಂಡ ಹೆಂಡ್ತಿ ಥರ ಒಂದೇ ಮನೇಲಿ ಸಂಸಾರ ಮಾಡ್ತಿದೀರಿ, ಅದಕ್ಕೆ ಜೀವನಾಂಶ ಬೇಕಿಲ್ಲ ಅಂತ."

"ಇನ್ನೊಂದ್ಸಲ ಹೇಳಪ್ಪ."

ಹುಡುಗ ಇನ್ನೊಂದು ಸಲ ಹೇಳಿದ. ಆರ್ವಿಡ್ ತಲೆಯಾಡಿಸಿ, "ಅದನ್ನೇ ಹಾಕು," ಎಂದ. ದಾರಿಯಲ್ಲಿ ನಾನು ಹೇಳಿದೆ, ನಿನಗೆ ಹೃದಯದ ಜೊತೆ ತಲೆಯನ್ನೂ ಕೊಯ್ದಿದ್ದಾರೆ ಎಂದು. ಅವನು ಕಿಟಕಿಯಾಚೆ ನೋಡುತ್ತ ಕೂತಿದ್ದ. ಸಂತೋಷವಾಗಿದ್ದಂತೆ ಕಂಡ.

ಅರ್ಜಿಯ ನೋಟಿಸು ವರ್ನಾಳಿಗೆ ಅದೇ ಮನೆಯ ವಿಳಾಸಕ್ಕೆ ಬಂತು. ಗಂಜಿ ಬಡಿಸಿ, ಓದಿ, ಮಡಚಿ ಜೇಬಿನಲ್ಲಿಟ್ಟುಕೊಂಡಳಂತೆ. ಒಂದು ಮಾತಾಡಲಿಲ್ಲ. ಮನೆ ಬಿಟ್ಟೂ ಹೋಗಲಿಲ್ಲ. ವಿಚಾರಣೆಯ ದಿನ ಹಿಮ ಜೋರಾಗಿ ಬಿದ್ದುದರಿಂದ ಇಬ್ಬರೂ ಅವಳ ಕಾರಿನಲ್ಲೇ ಕೋರ್ಟಿಗೆ ಬಂದರು. ಒಳಗೆ ಬಂದಮೇಲೆ ಬೇರೆ ಬೇರೆ ಮೇಜಿಗೆ ಕೂತರು. ಹಿಮದಿಂದಾಗಿ ವರ್ನಾಳ ವಕೀಲರು ಬರಲಾಗಲಿಲ್ಲ, ನನಗೆ ಬಾಯಿಲ್ಲವೇ ಎಂದು ಅವಳೊಬ್ಬಳೇ ನಿಂತಳು.

ನ್ಯಾಯಾಧೀಶೆ ಬೋಡ್ವಾ ಮೇಡಂ ಅರ್ಜಿಯನ್ನು ಓದಿ, ಕನ್ನಡಕ ತೆಗೆದು, ಒರೆಸಿ, ಮತ್ತೆ ಓದಿದರು.

"ಮಿಸ್ಟರ್ ಟ್ರೆಜೋನ, ಈಕೆ ಸಂಸಾರ ಮಾಡ್ತಿದಾರೆ ಅಂತ ನೀವು ಹೇಳ್ತಿರೋ ಗಂಡಸು ನಿಮ್ಮ ಕಕ್ಷಿದಾರರೇನಾ?"

"ಹೌದು ಮೇಡಂ."

"ಜೀವನಾಂಶ ಕೊಡ್ತಿರೋದೂ ಇವ್ರೇ?"

"ಹೌದು ಮೇಡಂ." ಹುಡುಗನ ಕಿವಿ ಕೆಂಪಾಗಿತ್ತು.

"ಮಿಸ್ಟರ್ ಲ್ಯಾಂಪಿನೆನ್, ಈಕೆ ನಿಮ್ಮ ಮನೇಲಿ ಎಲ್ಲಿ ಮಲಗ್ತಾರೆ?"

"ಮಹಡಿ ಮೇಲೆ."

"ನೀವು?"

"ಕೆಳಗೆ. ನನ್ನ ಎದೆ ಹೊಲಿದಿದಾರೆ ಮೇಡಂ, ಮೊದಲು ಮೆಟ್ಟಿಲು ಹತ್ತೋಕಾಗ್ತಿರ್ಲಿಲ್ಲ."

"ಊಟ ಒಟ್ಟಿಗೆ ಮಾಡ್ತೀರಾ?"

"ಅದನ್ನ ಊಟ ಅಂದ್ರೆ, ಮಾಡ್ತೀವಿ."

"ಓಟ್ಸು ನನ್ನ ದುಡ್ಡಲ್ಲಿ ತಂದಿದ್ದು," ಎಂದಳು ವರ್ನಾ. "ರಸೀದಿ ಇದೆ."

"ನೀವು ಆ ಮನೇಲಿ ಯಾಕಿದೀರಿ ಮಿಸ್ ವರ್ನಾ?"

"ಇವ್ನು ಸಾಯ್ಬಾರ್ದು ಅಂತ. ಸತ್ರೆ ದುಡ್ಡು ನಿಲ್ಲತ್ತೆ. ವಕೀಲರೇ ಹೇಳಿದಾರೆ. ಇದು ಸಂಸಾರ ಅಲ್ಲ ಮೇಡಂ. ಇವ್ನ ಜೊತೆ ಸಂಸಾರ ಮಾಡಿದೀನಿ, ನಂಗೆ ವ್ಯತ್ಯಾಸ ಗೊತ್ತು. ಆಗ ನಾನು ಹೇಳಿದ ಒಂದು ಮಾತನ್ನೂ ಇವ್ನು ಕೇಳ್ತಿರ್ಲಿಲ್ಲ. ಈಗ ಕೇಳ್ತಾನೆ."

ಕೋರ್ಟಿನ ಗುಮಾಸ್ತೆ ತಲೆ ತಗ್ಗಿಸಿ ಟೈಪು ಮಾಡಿದಳು. ಬೋಡ್ವಾ ಮೇಡಂ ಆರ್ವಿಡ್‌ನ ಕಡೆ ತಿರುಗಿದರು.

"ಅಲ್ಲ, ಜೀವನಾಂಶ ನಿಂತ್ರೆ ಈಕೆಗೆ ಅಲ್ಲಿರೋಕೆ ಕಾರಣ ಇಲ್ಲ. ಈಕೆ ಹೋಗ್ಬೇಕು ಅನ್ನೋದು ನಿಮ್ಮ ಆಸೆನಾ?"

ಆರ್ವಿಡ್ ಟೋಪಿಯನ್ನು ಕೈಯಲ್ಲಿ ತಿರುಗಿಸಿದ. "ಅದು ಅರ್ಜೀಲಿಲ್ಲ ಮೇಡಂ."

"ಅರ್ಜೀಲಿ ಇಲ್ಲ ಅಂತ್ಲೇ ಕೇಳ್ತಿದೀನಿ. ದುಡ್ಡು ಕೊಡೋದು ನಿಲ್ಬೇಕು, ಈಕೆ ಮಾತ್ರ ಅಲ್ಲೇ ಇರ್ಬೇಕು. ಹಾಗಾ?"

"ಇಬ್ರೂ ಗಂಡ ಹೆಂಡ್ತಿ ಥರ ಇದೀವಿ ಅಂತ ಕೋರ್ಟು ಬರ್ಕೊಟ್ರೆ..." ಎಂದು ಶುರುಮಾಡಿ ಆರ್ವಿಡ್ ನಿಲ್ಲಿಸಿದ. ಅವನ ಕುತ್ತಿಗೆಯವರೆಗೂ ಕೆಂಪು ಏರಿತ್ತು.

ಅಷ್ಟು ದಿನ ನನಗೆ ಅರ್ಥವಾಗದ್ದು ಆಗ ಅರ್ಥವಾಯಿತು. ಈ ಮನುಷ್ಯ ತನ್ನ ಹೆಂಡತಿಯನ್ನು ಮನೆಯಲ್ಲಿ ಉಳಿ ಎಂದು ಕೇಳಿಕೊಳ್ಳಲು ವಕೀಲನನ್ನು ಇಟ್ಟಿದ್ದ. ವರ್ನಾಳಿಗೂ ಅರ್ಥವಾಗಿರಬೇಕು, ಏಕೆಂದರೆ ಅವಳು ಮೊದಲ ಸಲ ಅವನ ಕಡೆ ಪೂರ್ತಿ ತಿರುಗಿ ಕೂತಳು.

"ಆರ್ವಿಡ್, ದುಡ್ಡು ಕಡಿಮೆ ಮಾಡು ಅಂತ ಸುಮ್ನೆ ಯಾಕೆ ಕೇಳ್ಲಿಲ್ಲ? ಕಾಯಿಲೆ ಆಗಿದೆ. ಯಾರು ಬೇಡ ಅಂತಿದ್ರು?"

ಅವನು ಟೋಪಿಯ ಅಂಚನ್ನು ನೇವರಿಸಿದ.

"ಗಾಡಿ ಇದೆ, ಗಾರ್ತ್ ಇದಾನೆ, ಇನ್ನೊಬ್ಬ ಆಳು ಇಟ್ಕೊಂಡ್ರೆ ಕೆಲ್ಸ ನಡೆಯತ್ತೆ."

"ಗಾಡಿ ಇಲ್ಲ," ಎಂದ ಆರ್ವಿಡ್.

"ಇಲ್ಲ ಅಂದ್ರೆ?"

"ಮಾರ್ದೆ. ಜನವರೀಲಿ."

ವರ್ನಾ ಕೂಗಾಡುತ್ತಾಳೆಂದು ನಾನು ಕಾದೆ. ಕೂಗಾಡಲಿಲ್ಲ. ಅವಳ ದನಿ ಇಳಿಯಿತು.

"ಜನವರೀಲಿ ನಾನು ನಿನ್ನ ಮಹಡಿ ಮೇಲಿದ್ದೆ. ದಿನಾ ಬೆಳಿಗ್ಗೆ ನೀನು ನನ್ನೆದುರು ಕೂತು ಗಂಜಿ ಕುಡೀತಿದ್ದೆ. ಒಂದು ದಿನ ಬಾಯಿಬಿಟ್ಟು ಹೇಳ್ಬಹುದಿತ್ತು."

"ಹೇಳಿದ್ರೆ ನೀನು ಹೋಗ್ತಿದ್ದೆ."

"ಕೆರೆ ಮನೆ ಮಾರ್ದಾಗ್ಲೂ ಹೇಳ್ಲಿಲ್ಲ. ನಾನು ಅವತ್ತು ಬಿಟ್ಟುಹೋಗಿದ್ದು ಮನೆ ಮಾರಿದ್ದಕ್ಕಲ್ಲ ಆರ್ವಿಡ್. ಕಂಪ್ರೆಸರ್ ಬೇಕು ಅಂದಿದ್ರೆ ನಾನೇ ಮಾರು ಅಂತಿದ್ದೆ. ಆ ಬಾಗ್ಲಲ್ಲಿ ಪರದೆ ಹಿಡ್ಕೊಂಡು ನಿಂತಿದ್ದೆನಲ್ಲ, ಅದಕ್ಕೆ ಹೋದೆ."

ಆರ್ವಿಡ್ ಟೋಪಿಯನ್ನು ಮೇಜಿನ ಮೇಲಿಟ್ಟ. ಮುಖವನ್ನು ಅಂಗೈಯಿಂದ ಒರೆಸಿಕೊಂಡ. "ತಪ್ಪಾಯ್ತು," ಎಂದ ಕೊನೆಗೆ. ಅವನ ಬಾಯಲ್ಲಿ ನಾನು ಆ ಮಾತು ಕೇಳಿದ್ದು ಅದೊಂದೇ ಸಲ. ನನ್ನ ಕಾಲ ಮೇಲೆ ಕಬ್ಬಿಣದ ಪೈಪು ಬೀಳಿಸಿದಾಗಲೂ ಹೇಳಿರಲಿಲ್ಲ.

ವರ್ನಾ ಕರವಸ್ತ್ರ ತೆಗೆದು ಮೂಗು ಒರೆಸಿಕೊಂಡಳು. ಆಮೇಲೆ ಕೇಳಿದಳು: "ಎಷ್ಟಕ್ಕೆ ಮಾರ್ದೆ?"

ಅವನು ಹೇಳಿದ.

"ಪೈಪೂ ಸೇರಿಸಿಯಾ?"

"ಪೈಪೂ."

"ಕಂಪ್ರೆಸರ್?"

"ಅದೂ."

"ಅಯ್ಯೋ ದೇವರೇ," ಎಂದಳು ವರ್ನಾ, ಆಗ ಕೂಗಾಡಿದಳು. ಬೋಡ್ವಾ ಮೇಡಂ ಕಾಲು ಗಂಟೆ ಬಿಡುವು ಕೊಟ್ಟರು.

ಅರ್ಜಿ ವಜಾ ಆಯಿತು. ಒಬ್ಬ ಮನುಷ್ಯನನ್ನು ಬದುಕಿಸಿಟ್ಟುಕೊಳ್ಳಲು ಅವನ ಮನೆಯಲ್ಲಿ ಇರುವುದು ಸಂಸಾರವಲ್ಲ, ಅದು ತನ್ನ ಹಕ್ಕಿನ ರಕ್ಷಣೆ ಎಂದು ಮೇಡಂ ಹೇಳಿದರು. ಆದರೆ ಇಬ್ಬರ ಒಪ್ಪಿಗೆಯ ಮೇಲೆ ಜೀವನಾಂಶವನ್ನು ಮುನ್ನೂರಕ್ಕೆ ಇಳಿಸಿದರು. ಮೊಗಸಾಲೆಯಲ್ಲಿ ಟ್ರೆಜೋನ ಹುಡುಗ ಆರ್ವಿಡ್‌ನ ಕೈ ಕುಲುಕಿ, ಸೋತಿದ್ದಕ್ಕೆ ಕ್ಷಮೆ ಕೇಳಿದ. ಆರ್ವಿಡ್‌ಗೆ ಅವನ ಮಾತು ಕೇಳಿಸಲಿಲ್ಲ. ವರ್ನಾ ಕಾರು ಶುರುಮಾಡುತ್ತಾಳೋ ಇಲ್ಲವೋ ಎಂದು ಬಾಗಿಲಿನ ಗಾಜಿನೊಳಗಿಂದ ನೋಡುತ್ತಿದ್ದ. ಅವಳು ಶುರುಮಾಡಿದಳು. ಹೊರಡಲಿಲ್ಲ. ಹಾರ್ನ್ ಹೊಡೆದಳು.

ಏಪ್ರಿಲಿನಲ್ಲಿ ಡಾಕ್ಟರು ಇನ್ನು ಒಬ್ಬನೇ ಇರಬಹುದು ಎಂದಮೇಲೆ ವರ್ನಾ ಸೂಟ್‌ಕೇಸು ತೆಗೆದುಕೊಂಡು ತನ್ನ ಮನೆಗೆ ಹೋದಳು. ಊರಿನವರಿಗೆ ನಿರಾಸೆಯಾಯಿತು. ಆರ್ವಿಡ್ ವಾರವಿಡೀ ಯಾರ ಜೊತೆಗೂ ಸರಿಯಾಗಿ ಮಾತಾಡಲಿಲ್ಲ. ಅದರ ಮುಂದಿನ ಸೋಮವಾರ ಅವಳು ಕಾರು ತಂದು ಅವನ ಮನೆಮುಂದೆ ನಿಲ್ಲಿಸಿದಳು.

"ಹತ್ತು. ಗಾರ್ತ್, ನೀನೂ."

"ಎಲ್ಲಿಗೆ?" ಎಂದ ಆರ್ವಿಡ್.

"ನಾನು ಬಿಟ್ಟಮೇಲೆ ಹನ್ನೊಂದು ವರ್ಷ ವಸೂಲಿ ಯಾರು ಮಾಡಿದ್ರು?"

ಯಾರೂ ಮಾಡಿರಲಿಲ್ಲ. ಆರ್ವಿಡ್ ಬೋರ್ ಕೊರೆಯುತ್ತಿದ್ದ, ಕೊಟ್ಟವರ ಹತ್ತಿರ ತೆಗೆದುಕೊಳ್ಳುತ್ತಿದ್ದ, ಕೊಡದವರನ್ನು ಕೇಳಲು ನಾಚುತ್ತಿದ್ದ. ವರ್ನಾ ಸರೋವರದ ದಂಡೆಯ ರಸ್ತೆಯಲ್ಲಿ ನಿಧಾನವಾಗಿ ಕಾರು ಓಡಿಸಿದಳು. ಬೇಸಿಗೆಗೆ ಬರುವ ಶಿಕಾಗೋದವರ ದೊಡ್ಡ ಮನೆಗಳು ಒಂದಾದಮೇಲೊಂದು.

"ಈ ಮನೆ?"

"ಕೊಟ್ಟಿದಾರೆ."

"ಅದು?"

"ಅವ್ರೂ ಕೊಟ್ಟಿದಾರೆ."

"ಆ ಹಸಿರು ಛಾವಣಿ?"

ಆರ್ವಿಡ್ ಸರೋವರದ ಕಡೆ ತಿರುಗಿಕೊಂಡ. ಹಿಂದಿನ ಸೀಟಿನಿಂದ ನಾನು, "ಅರ್ಧ," ಎಂದೆ. ಕಾರು ನಿಂತಿತು.

ಹೀಗೆ ಮೇ, ಜೂನ್ ಪೂರ್ತಿ ನಡೆಯಿತು. ಅವಳು ಬಾಗಿಲು ತಟ್ಟುತ್ತಿದ್ದಳು, ಆರ್ವಿಡ್ ಒಂದು ಮೆಟ್ಟಿಲು ಕೆಳಗೆ ನಿಂತು ಬೂಟು ನೋಡಿಕೊಳ್ಳುತ್ತಿದ್ದ. ಜನ ಮೊದಲು ಆಶ್ಚರ್ಯಪಡುತ್ತಿದ್ದರು, ಆಮೇಲೆ ಆರೋಗ್ಯ ವಿಚಾರಿಸುತ್ತಿದ್ದರು, ಆಮೇಲೆ ಚೆಕ್ಕು ಬರೆಯುತ್ತಿದ್ದರು. ಬಹಳ ಮಂದಿ ತಾವು ಕೊಟ್ಟಿಲ್ಲವೆಂಬುದನ್ನೇ ಮರೆತಿದ್ದರು. ಒಬ್ಬ ಮೂಳೆ ಡಾಕ್ಟರು, ಆ ನೀರಿನಲ್ಲಿ ಕಬ್ಬಿಣದ ರುಚಿ ಇದೆ, ಅದಕ್ಕೇ ಪೂರ್ತಿ ಕೊಟ್ಟಿಲ್ಲ ಎಂದರು. ವರ್ನಾ ಒಂದು ಲೋಟ ತರಿಸಿ ಕುಡಿದು ನೋಡಿ, "ಕಬ್ಬಿಣ ಮೈಗೆ ಒಳ್ಳೇದು. ಡಾಕ್ಟರು ನೀವು, ನಿಮಗೆ ಗೊತ್ತಿರ್ಬೇಕು," ಎಂದು ಬಾಗಿಲಲ್ಲೇ ನಿಂತಳು. ಅವರ ಹೆಂಡತಿ ಒಳಗಿನಿಂದ ಪರ್ಸು ತಂದರು.

ಆ ಹಣದಿಂದ ಆರ್ವಿಡ್ ಒಂದು ಸಣ್ಣ ವ್ಯಾನ್ ಕೊಂಡ. ಕೊಳ್ಳುವ ಮೊದಲು ಅವಳ ಮನೆಗೆ ಹೋಗಿ ಹೇಳಿದ, ಅವಳು ಬಂದು ವ್ಯಾನಿನ ಕೆಳಗೆ ಬಗ್ಗಿ ನೋಡಿ ತುಕ್ಕು ಹಿಡಿದಿದೆಯೆಂದು ಬೆಲೆ ಇಳಿಸಿದಳು. ಈಗ ನಾವು ಬೋರ್ ಕೊರೆಯುವುದಿಲ್ಲ. ಪಂಪು ರಿಪೇರಿ, ಪೈಪು ಜೋಡಣೆ, ನೀರು ಹೆಪ್ಪುಗಟ್ಟಿ ಪೈಪು ಒಡೆಯದಂತೆ ಚಳಿಗಾಲಕ್ಕೆ ಮುಂಚೆ ಬೇಸಿಗೆ ಮನೆಗಳ ನೀರು ಇಳಿಸುವುದು, ಇಷ್ಟೇ. ಭಾರವನ್ನೆಲ್ಲ ನಾನು ಎತ್ತುತ್ತೇನೆ. ಆಫೀಸನ್ನು ವರ್ನಾ ನೋಡಿಕೊಳ್ಳುತ್ತಾಳೆ, ಸಂಬಳಕ್ಕೆ. ಸಂಬಳ ಎಷ್ಟೆಂದು ಅವಳೇ ಹೇಳಿದಳು. ಅದಕ್ಕೆ ಮುನ್ನೂರು ಸೇರಿಸಿದರೆ ಹಿಂದಿನ ಒಂಬೈನೂರಕ್ಕಿಂತ ಬಹಳ ಹೆಚ್ಚಾಗುತ್ತದೆಯೆಂದು ಆರ್ವಿಡ್ ನನ್ನೊಬ್ಬನ ಹತ್ತಿರ ಗೊಣಗಿದ. ಅವಳ ಹತ್ತಿರ ಗೊಣಗಲಿಲ್ಲ.

ಮದುವೆಯ ಮಾತು ಇಬ್ಬರೂ ಎತ್ತಿಲ್ಲ. ಭಾನುವಾರ ಚರ್ಚು ಬಿಟ್ಟಮೇಲೆ ಅವಳು ಅವನ ಮನೆಯಲ್ಲಿ ಊಟ ಮಾಡುತ್ತಾಳೆ, ಅಡುಗೆ ಅವನದು. ಉಪ್ಪಿಲ್ಲದೆ ಅಡುಗೆ ಮಾಡುವುದನ್ನು ಕಲಿತಿದ್ದಾನೆ. ಚೆನ್ನಾಗಿರುವುದಿಲ್ಲ. ಸಂಜೆ ಅವಳು ತನ್ನ ಮನೆಗೆ ಹೋಗುತ್ತಾಳೆ. ಅವಳ ಕಾರು ತಿರುವು ದಾಟುವವರೆಗೆ ಅವನು ಅಂಗಳದಲ್ಲಿ ನಿಂತಿರುತ್ತಾನೆ.

ಕಳೆದ ಅಕ್ಟೋಬರಿನಲ್ಲಿ ಆ ವರ್ಷದ ಕೊನೆಯ ಮನೆಯ ನೀರು ಇಳಿಸಿ ಮೂವರೂ ವ್ಯಾನಿನಲ್ಲಿ ವಾಪಸು ಬರುತ್ತಿದ್ದೆವು. ಆರ್ವಿಡ್ ಓಡಿಸುತ್ತಿದ್ದ, ವರ್ನಾ ಪಕ್ಕದಲ್ಲಿ. ಕಾಡಿನ ರಸ್ತೆ ಹತ್ತಿರ ಎಂದು ಅವಳು, ದಂಡೆಯ ರಸ್ತೆ ಚೆನ್ನಾಗಿದೆ ಎಂದು ಅವನು. ಡೀಸೆಲ್ ಯಾರ ದುಡ್ಡು ಎಂದು ಅವಳು, ವ್ಯಾನ್ ಯಾರದು ಎಂದು ಅವನು. ಅವನು ದಂಡೆಯ ರಸ್ತೆಗೇ ತಿರುಗಿಸಿದ. ಸರೋವರ ಬೂದುಬಣ್ಣಕ್ಕೆ ತಿರುಗಿ ದೊಡ್ಡ ಅಲೆಗಳು ಬಂಡೆಗೆ ಬಡಿಯುತ್ತಿದ್ದವು. ವರ್ನಾ ಕಿಟಕಿಯ ಗಾಜು ಒರೆಸಿ ನೋಡಿದಳು, ನೋಡುತ್ತಲೇ ಡೀಸೆಲಿನ ವಿಷಯ ಮುಂದುವರಿಸಿದಳು. ನಾನು ಹಿಂದೆ ಪೈಪುಗಳ ನಡುವೆ ಕೂತು ಅವಳು ಕೊಟ್ಟಿದ್ದ ಸೇಬನ್ನು ತಿಂದೆ. ಊರು ಬರುವವರೆಗೂ ಅವರ ಜಗಳ ಮುಗಿಯಲಿಲ್ಲ.